ಬಿಸಿಲಿನ ದ್ವೀಪಕ್ಕೆ ಎರಡು ಟಿಕೆಟ್

ಪದ್ಮಾಕ್ಷಮ್ಮನ ಮದುವೆಯ ವರ್ಷ ದೇಶದ ಆಕಾಶಕ್ಕೆ ಕವಿದ ಮೋಡ ಇಷ್ಟು ವರ್ಷ ಕಳೆದರೂ ಸರಿದಿರಲಿಲ್ಲ. ಬಿಸಿಲು ಬೇಕೆಂದವರು ಟಿಕೆಟ್ ತೆಗೆದು ಹೊರದೇಶದ ದ್ವೀಪಕ್ಕೇ ಹೋಗಬೇಕು. ಗಂಡ ಸೀತಾಪತಿ ಆಗಲೇ ಹೂವಿನ ಚಡ್ಡಿ ಕೊಂಡಿದ್ದರು.

“ಸಮುದ್ರದ ದಂಡೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚಾಪೆ ಕೊಡ್ತಾರೆ. ಹಾಯಾಗಿ ಮಲಗಬಹುದು,” ಎಂದ ಟ್ರಾವೆಲ್ಸ್‌ನವನು.

“ಹಾಗಾದ್ರೆ ಎರಡು ಚಾಪೆ ತುಂಬಾ ಸಂಡಿಗೆ ಇಡಬಹುದು,” ಎಂದರು ಪದ್ಮಾಕ್ಷಮ್ಮ. “ಮಿಷನ್ನಿನಲ್ಲಿ ಒಣಗಿಸಿದ್ದು ಅರಳೋದೇ ಇಲ್ಲ.”

“ಮತ್ತೆ ನಾನೆಲ್ಲಿ ಮಲಗಲಿ?” ಎಂದರು ಸೀತಾಪತಿ.

“ಮಲಗೋದೇನ್ರೀ? ಕೋಲು ಹಿಡಿದು ಕಾಗೆ ಓಡಿಸಿ.”

ಟ್ರಾವೆಲ್ಸ್‌ನವನು ನಕ್ಕ. “ಆ ದ್ವೀಪದಲ್ಲಿ ಕಾಗೆಗಳೇ ಇಲ್ಲ, ಅಮ್ಮಾ.”

ಸೀತಾಪತಿಯವರ ಮುಖ ಎಣ್ಣೆಗೆ ಬಿದ್ದ ಸಂಡಿಗೆಯಂತೆ ಅರಳಿತು.

ಪದ್ಮಾಕ್ಷಮ್ಮ ಮಾತ್ರ ಟಿಕೆಟ್ಟಿಗೆಂದು ತೆಗೆದಿದ್ದ ದುಡ್ಡನ್ನು ಕೈಚೀಲಕ್ಕೆ ವಾಪಸ್ಸು ಹಾಕಿಕೊಂಡರು. “ಕಾಗೇನೇ ಬರದ ಬಿಸಿಲು ಎಂಥಾ ಬಿಸಿಲಪ್ಪಾ? ಬೇರೆ ದ್ವೀಪ ತೋರಿಸು.”