ತಿರುಪಿಗೆ ಹಚ್ಚಿದ ಗ್ರೀಸ್

ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆಂದು ಮುದುಕ ಮರ್ಡಾಕ್ ಎರಡೂ ಕೈ ಹಾಕಿದ. ಆದರೆ ಮಗನ ಬಂದೂಕಿನ ಮೂತಿಗಿದ್ದ, ಗುಂಡಿನ ಸದ್ದು ತಗ್ಗಿಸುವ ಆ ಸೈಲೆನ್ಸರ್ ಸಲೀಸಾಗಿ ತಿರುಗಿ ಕೈಗೆ ಬಂತು. ಬೋರಲು ಹಿಡಿದಾಗ ಅದರೊಳಗಿಂದ ವೈಯಾವ್ ನದಿಯ ನೀರು ಮೇಜಿನ ಮೇಲೆ ತೊಟ್ಟಿಕ್ಕಿತು. ಜಿಂಕೆ ಬೇಟೆಗೆ ಹೋದ ಮಗ ಲಾಕ್ಲನ್ ಆ ನದಿ ದಾಟುವಾಗ ಮುಳುಗಿ ನಾಲ್ಕು ದಿನವಾಗಿತ್ತು. ಅವನನ್ನು ಮಣ್ಣು ಮಾಡಿದ್ದು ನಿನ್ನೆ. ಪೊಲೀಸರು ಬಂದೂಕು ತಂದುಕೊಟ್ಟಿದ್ದು ಇವತ್ತು.

ಅಪ್ಪ ಮಗನಿಗೆ ಆಡಿದ ಕೊನೆಯ ಮಾತೂ ಇದರದೇ. "ಬೇಟೆಯಿಂದ ಬಂದ ತಕ್ಷಣ ಇದನ್ನ ಬಿಚ್ಚಿ ಒಣಗಿಸು ಅಂತ ಇಪ್ಪತ್ತು ವರ್ಷದಿಂದ ಬಡ್ಕೊಂಡೆ. ನನ್ನ ಮಾತು ಒಂದಿನಾನೂ ನಿನ್ನ ಕಿವಿಗೆ ಬೀಳಲಿಲ್ಲ."

"ಪ್ರವಚನ ಭಾನುವಾರಕ್ಕಿರಲಿ ಬಿಡಪ್ಪ," ಎಂದು ಲಾಕ್ಲನ್ ನಗುತ್ತಾ ಹೊರಟಿದ್ದ.

ಈಗ ಮರ್ಡಾಕ್ ಬಂದೂಕಿನ ಮೂತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ತಿರುಪಿನ ಸುತ್ತುಗಳಲ್ಲಿ ತುಕ್ಕಿನ ಚುಕ್ಕೆಯೂ ಇರಲಿಲ್ಲ. ಒಂದೊಂದು ಸುತ್ತಿಗೂ ತೆಳುವಾಗಿ ಗ್ರೀಸ್ ಹಚ್ಚಿತ್ತು, ತಾನೇ ಹೇಳಿಕೊಟ್ಟಿದ್ದ ಹಾಗೆ.

"ಬೂಟು ಬಿಚ್ಚೋಕೆ ಮುಂಚೆ ಅದನ್ನ ಬಿಚ್ತಿದ್ದ, ಮಾವ," ಎಂದಳು ಸೊಸೆ ರೇವಿನ್. "ಒಲೆ ಪಕ್ಕ ಒಣಗೋಕೆ ಇಟ್ಟ ಮೇಲೇನೇ ಚಹಾ. 'ಅಪ್ಪ ಒಂದಿನ ತಿರುಗಿಸಿ ನೋಡ್ಲಿ, ಆಗ ಅವನ ಮುಖ ನೋಡ್ಬೇಕು' ಅಂತಿದ್ದ."

ಮರ್ಡಾಕ್ ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಅವನು ಎದ್ದು ಹೋಗಿ ಸೈಲೆನ್ಸರನ್ನು ಒಲೆಯ ಪಕ್ಕ ನಿಲ್ಲಿಸಿದ, ನಾಳೆ ಯಾರಿಗೋ ಬೇಕಾಗುತ್ತದೆ ಎನ್ನುವಂತೆ.

"ಕೇಳಿಸ್ಕೊಂಡಿದ್ದ, ದೇವರೇ," ಎಂದ.