ದಯವಿಟ್ಟು ಪಾದರಕ್ಷೆ ಕಳಚಿ

"ದಯವಿಟ್ಟು ಪಾದರಕ್ಷೆ ಕಳಚಿ," ಎಂದು ಯಂತ್ರ ಮತ್ತೆ ಹೇಳಿತು.

ಟೈಲರಮ್ಮ ಬರಿಗಾಲಲ್ಲೇ ಇದ್ದರು. ಚಪ್ಪಲಿ ಬಾಗಿಲಾಚೆ ಬಿದ್ದಿತ್ತು.

"ಇನ್ನೇನು ಕಳಚ್ಲಿ ಡಾಕ್ಟ್ರೇ? ತೊಗಲು ಸುಲಿದು ಕೊಡ್ಲಾ?"

ಅವರ ಬಲ ಅಂಗಾಲಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಸಾಸಿವೆಯಷ್ಟಿದ್ದ ಮಚ್ಚೆ ಈಗ ಅಂಗಿ ಗುಂಡಿಯಷ್ಟಾಗಿತ್ತು. ಕ್ಯಾನ್ಸರೇ ಇರಬೇಕೆಂದು ಡಾಕ್ಟರಿಗೆ ಅನುಮಾನ. ಆದರೆ ಡಾಕ್ಟರ ಅನುಮಾನಕ್ಕೆ ಈಗ ಆಸ್ಪತ್ರೆಯಲ್ಲಿ ಕಿಮ್ಮತ್ತಿರಲಿಲ್ಲ. ಯಂತ್ರದ ಕೆಂಪು ದೀಪ ಹೊತ್ತಿದರೆ ನಾಳೆಯೇ ಆಪರೇಷನ್. ಹೊತ್ತದಿದ್ದರೆ ಸರದಿಯ ಬಾಲಕ್ಕೆ. ಆ ಬಾಲ ಮುಂದಿನ ವರ್ಷದಲ್ಲಿತ್ತು.

ಡಾಕ್ಟರು ಕ್ಯಾಮೆರಾ ಗಾಜನ್ನು ಹೆಬ್ಬೆರಳಿನಿಂದ ಉಜ್ಜಿದರು. ಹಾಲಿನಂಥ ಬಿಳುಪಿನ ಮನುಷ್ಯ. ಆ ಬೆರಳಿನ ಉಗುರಲ್ಲೊಂದು ಕಪ್ಪು ಗೆರೆ ಎದ್ದು ಕಾಣುತ್ತಿತ್ತು.

"ಅದೇನು ಡಾಕ್ಟ್ರೇ?"

"ಬಾಗಿಲಿಗೆ ಸಿಕ್ಕಿದ್ದು. ವರ್ಷ ಆಯ್ತು, ಹೋಗ್ತಾನೇ ಇಲ್ಲ. ನನ್ನ ವಿಷ್ಯ ಬಿಡಿ. ಈ ಯಂತ್ರ ಲಕ್ಷಗಟ್ಟಲೆ ಪಾದ ನೋಡಿ ಕಲ್ತಿದೆ."

"ಯಾರ ಪಾದಾನೋ! ನನ್ನ ಹೊಲಿಗೆ ಮಿಷಿನ್ನು ಇಷ್ಟು ವರ್ಷ ಇದೇ ಕರೀ ಕಾಲಲ್ಲಿ ತುಳಿಸ್ಕೊಂಡಿದೆ. ಒಂದಿನಾನೂ ಚಪ್ಪಲಿ ಅಂದಿಲ್ಲ."

ಸೊಸೆ ಕೈಚೀಲದಿಂದ ಪೌಡರ್ ಡಬ್ಬಿ ತೆಗೆದಳು. "ಅತ್ತೆ, ಕಾಲು ಕೊಡಿ ಇಲ್ಲಿ." ಮಚ್ಚೆಯೊಂದನ್ನು ಬಿಟ್ಟು ಪಾದಕ್ಕೆಲ್ಲ ಮೆತ್ತಿದಳು.

"ನನ್ನ ಮದುವೇಲಿ ಮುಖಕ್ಕೂ ಇಷ್ಟು ಬಳಿದಿರ್ಲಿಲ್ಲ ಕಣೇ."

ಯಂತ್ರ ಗುರ್ರೆಂದು ಯೋಚಿಸಿತು. "ಬಿಳಿ ಪಾದರಕ್ಷೆ ಪತ್ತೆಯಾಗಿದೆ. ದಯವಿಟ್ಟು ಕಳಚಿ."

ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. ಕಾಲು ಅಲುಗಿತು. ಡಾಕ್ಟರು ಮಚ್ಚೆಯ ಪಕ್ಕಕ್ಕೇ ತಮ್ಮ ಹೆಬ್ಬೆರಳೂರಿ ಪಾದವನ್ನು ಗಟ್ಟಿಯಾಗಿ ಹಿಡಿದರು.

"ಅಯ್ಯೋ, ಕಚಗುಳಿ!"

"ಒಂದೇ ನಿಮಿಷ ಅಮ್ಮಾ, ಅಲುಗ್ಬೇಡಿ!"

ದೀಪ ಕೆಂಪಾಯಿತು.

"ಹೆಬ್ಬೆರಳಿನಲ್ಲಿ ಕ್ಯಾನ್ಸರ್ ಲಕ್ಷಣ. ತುರ್ತು. ನಾಳೆ ಬೆಳಿಗ್ಗೆ ಆಪರೇಷನ್."

"ಬಂತು!" ಸೊಸೆ ಚಪ್ಪಾಳೆ ತಟ್ಟಿದಳು. ಯಾವ ಸುದ್ದಿಗೆ ತಟ್ಟಿದೆನೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು.

"ಅಂತೂ ನನ್ನ ಕಾಲು ಕಾಣಿಸ್ತಲ್ಲ ಮಹರಾಯಂಗೆ," ಎಂದು ಟೈಲರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಡಾಕ್ಟರು ಪಾದವನ್ನು ಹಿಡಿದೇ ಇದ್ದರು. ಮುಖ ಅರಳಿತ್ತು. "ಹೇಳಿರ್ಲಿಲ್ವಾ? ಅದಕ್ಕೆ ಭೇದಭಾವ ಗೊತ್ತಿಲ್ಲ. ಎಲ್ರನ್ನೂ ಒಂದೇ ಥರ ನೋಡತ್ತೆ."

ಯಂತ್ರದ ಮಾತು ಇನ್ನೂ ಮುಗಿದಿರಲಿಲ್ಲ.

"ರೋಗಿಯು ಕೈಯಲ್ಲಿ ಹಿಡಿದಿರುವ ಪಾದರಕ್ಷೆಯನ್ನು ಇನ್ನು ಕೆಳಗಿಡಬಹುದು."