ಆಮೆ ಗುರುತಿನ ಬೂಟು

ಅಂಗಡಿಯೊಳಗೆ ಕಾಲಿಟ್ಟಿದ್ದೇ ತಡ, ಬುಗುರಿ ಬಾಣದ ಗುರುತಿನ ಬೂಟುಗಳಿದ್ದ ಗೋಡೆಯತ್ತ ನುಗ್ಗಿದಳು. ಬುಗುರಿ ಎನ್ನುವುದು ಫುಟ್‌ಬಾಲ್ ತಂಡದವರು ಇಟ್ಟ ಹೆಸರು. ಚೆಂಡು ಕಾಲಿಗೆ ಸಿಕ್ಕರೆ ಎತ್ತ ತಿರುಗುತ್ತಾಳೋ ಅವಳಿಗೇ ಗೊತ್ತಿರುತ್ತಿರಲಿಲ್ಲ. ಭಾನುವಾರ ಆಯ್ಕೆ ಪಂದ್ಯ. ಹಳೇ ಬೂಟು ಬಾಯಿ ಬಿಟ್ಟಿತ್ತು. ಅಡಿಯಿಂದ ಮುಡಿವರೆಗೆ ಎಲ್ಲಾ ಹೊಸದು ಕೊಡಿಸುತ್ತೇನೆಂದು ಅಕ್ಕ ಕರೆತಂದಿದ್ದಳು. ಯಾವ ಕಂಪನಿಯದು ಎಂದು ಕೇಳುವ ಹಾಗೇ ಇರಲಿಲ್ಲ. ಕಾಲುಚೀಲ, ಟೋಪಿ, ನೀರಿನ ಬಾಟಲಿ, ಫೋನಿನ ಪರದೆ, ಎಲ್ಲೆಲ್ಲೂ ಬಾಣವೇ. ಬೇರೆ ಗುರುತು ಮುಟ್ಟುವುದೆಂದರೆ ಸ್ವಂತ ಗೋಲಿಗೇ ಚೆಂಡು ಹೊಡೆದ ಹಾಗೆ.

ಅಂಗಡಿಯ ಯಜಮಾನರು ಒಂದು ಕಾಲದಲ್ಲಿ ರೆಫರಿ; ಈಗ ಆಟಗಾರರಿಗೆಲ್ಲ ರೆಫರಿ ಮಾವ. ಅವರದೊಂದು ಕಟ್ಟುನಿಟ್ಟು ಇತ್ತು. ಬೂಟು ಹಾಕಿಕೊಂಡು ಅರ್ಧ ಗಂಟೆ ಅಂಗಡಿಯಲ್ಲೇ ಓಡಾಡಬೇಕು, ಆಮೇಲೆಯೇ ಮಾರಾಟ. ಸುಮ್ಮನೆ ಓಡಾಡಿದರೆ ಬೇಜಾರಲ್ಲವೇ ಎಂದು ಅಟ್ಟದ ಡಬ್ಬಗಳನ್ನು ಇಳಿಸಿ, ಮತ್ತೆ ಏರಿಸಿ ಎನ್ನುತ್ತಿದ್ದರು. ಅದಕ್ಕೇ ಮಾವ ಇದುವರೆಗೆ ಒಬ್ಬ ಆಳನ್ನೂ ಇಟ್ಟಿಲ್ಲ ಎಂದು ಊರೆಲ್ಲ ನಗುತ್ತಿತ್ತು.

ಬುಗುರಿಗೆ ಮಾತ್ರ ನಗು ಬರಲಿಲ್ಲ. ಹಿಂದಿನ ಬೂಟನ್ನು ಫೋನಿನಲ್ಲೇ ತರಿಸಿಕೊಂಡಿದ್ದ ಅವಳಿಗೆ ಈ ನಿಯಮ ಗೊತ್ತಿರಲಿಲ್ಲ. ಅರ್ಧ ಗಂಟೆ ಎಂದದ್ದೇ ಅವಳ ಕಣ್ಣು ಗೋಡೆ ಗಡಿಯಾರಕ್ಕೆ ಹೋಯಿತು. ಎರಡು ತಿಂಗಳಿಂದ, ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆಲ್ಲ ಬಲಗಾಲಿನ ಕಿರುಬೆರಳು ಸತ್ತ ಹಾಗೆ ಮರಗಟ್ಟುತ್ತಿತ್ತು. ಆಮೇಲೆ ಅದರ ಪಕ್ಕದ್ದು. ಸೋದರತ್ತೆಗೂ ಶುರುವಾಗಿದ್ದು ಹೀಗೇ, ಬೆರಳಿನ ಜೋಮಿನಿಂದ. ಈಗ ಅತ್ತೆ ಮನೆಯೊಳಗೂ ಗೋಡೆ ಹಿಡಿದೇ ನಡೆಯುತ್ತಿದ್ದಳು. ಕೋಚ್‌ಗೆ ಗೊತ್ತಾದರೆ ಬೆಂಚು, ಅಕ್ಕನಿಗೆ ಗೊತ್ತಾದರೆ ಆಸ್ಪತ್ರೆ. ಎರಡರಲ್ಲಿ ಯಾವುದಾದರೂ, ಆಟ ಅಲ್ಲಿಗೆ ಮುಗಿಯಿತು. ಅದಕ್ಕೇ ಬಾಯಿಗೆ ಬೀಗ ಜಡಿದುಕೊಂಡಿದ್ದಳು.

ಬಾಣದ ಬೂಟು ಹಾಕಿಕೊಂಡು ಡಬ್ಬ ಇಳಿಸಿದಳು, ಏರಿಸಿದಳು. ಅಕ್ಕ ಸ್ಟೂಲಿನ ಮೇಲೆ ಕೂತು ಬಾಣದ ಕಾಲುಚೀಲಗಳಲ್ಲಿ ಬಣ್ಣ ಆರಿಸುತ್ತಿದ್ದಳು. ಗೋಡೆ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ದಾಟುತ್ತಿದ್ದ ಹಾಗೆ ಹಾಳು ಬೆರಳು ಹೇಳಿ ಕಳಿಸಿದ ಹಾಗೆ ಮರಗಟ್ಟಿತು.

"ನಿಂತ್ಕೋ." ಸೀಟಿ ಊದದಿದ್ದರೂ ಮಾವನ ದನಿಯಲ್ಲಿ ಸೀಟಿ ಇತ್ತು. "ಹಿಮ್ಮಡಿ ಮೇಲೆ ಯಾಕೆ ನಡೀತಿದೀಯ?"

"ಸುಮ್ನೆ, ಮಾವ."

"ನಲವತ್ತು ವರ್ಷದಿಂದ ಕಾಲು ನೋಡ್ತಿದೀನಿ. ಹಾಗೆ ಯಾರೂ ಸುಮ್ನೆ ನಡೆಯಲ್ಲ. ಕಿರುಬೆರಳು ಜೋಮು ಹಿಡಿದಿದೆ ತಾನೆ?"

ಅಕ್ಕನ ಕೈ ಕಾಲುಚೀಲದ ಮೇಲೇ ನಿಂತುಬಿಟ್ಟಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಎರಡು ತಿಂಗಳು, ಎರಡು ಬೆರಳು, ಅತ್ತೆ, ಎಲ್ಲವನ್ನೂ ಬುಗುರಿ ಒಂದೇ ಉಸಿರಿಗೆ ಒದರಿಬಿಟ್ಟಳು. ಅಕ್ಕನ ಮುಖ ಸುಣ್ಣ ಬಳಿದ ಹಾಗಾಯಿತು. ಮಾವ ಮಾತ್ರ ಅವಸರ ಮಾಡಲಿಲ್ಲ. ಬೂಟು ಬಿಚ್ಚಿದ ಮೇಲೆ ಏನಾಗುತ್ತದೆ ಎಂದು ಕೇಳಿದರು. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ ಎಂದಳು. ಮನೆಯಲ್ಲಿ, ಬರಿಗಾಲಲ್ಲಿ? ಯೋಚಿಸಿದಳು. ಮತ್ತೊಮ್ಮೆ ಯೋಚಿಸಿದಳು. ಒಂದು ಸಲವೂ ಇಲ್ಲ.

"ನಿಮ್ಮತ್ತೆ ಜೋಮು ಚಪ್ಪಲಿ ಬಿಚ್ಚಿದ್ರೆ ಹೋಗುತ್ತಾ?"

ಅಕ್ಕ ಇಲ್ಲವೆಂದು ತಲೆಯಾಡಿಸಿದಳು.

ಮಾವ ಬಾಣದ ಬೂಟಿನೊಳಗಿಂದ ಮೆತ್ತನೆಯ ಅಟ್ಟೆಯನ್ನು ಎಳೆದು ತೆಗೆದು ನೆಲಕ್ಕೆ ಹಾಕಿದರು. ಬರಿಗಾಲಲ್ಲಿ ಇದರ ಮೇಲೆ ನಿಲ್ಲು ಎಂದರು. ನಿಂತಳು. ಪಾದ ಎರಡೂ ಕಡೆ ಅಂಚು ಮೀರಿ ಚೆಲ್ಲಿತ್ತು; ಕಿರುಬೆರಳಂತೂ ಪೂರ್ತಿ ನೆಲದ ಮೇಲಿತ್ತು.

"ನಿಂದು ಬಾತುಕೋಳಿ ಪಾದ ಕಣಮ್ಮ. ಈ ಬಾಣದವರು ಹಾವಿಗೆ ಹೊಲಿದ ಹಾಗೆ ಹೊಲೀತಾರೆ."

ಕೆಳಗಿನ ಸಾಲಿನಿಂದ ಧೂಳು ಕೊಡವಿ ಒಂದು ಡಬ್ಬ ತೆಗೆದರು. ಆಮೆ ಗುರುತು. ಮುಂಭಾಗ ಅಗಲ, ಬಣ್ಣ ಮಂಕು. ತಂಡದಲ್ಲಿ ಅದನ್ನು ದೋಣಿ ಎನ್ನುತ್ತಿದ್ದರು. ಓಡುವ ಕೆಲಸವಿಲ್ಲದ ಗೋಲ್‌ಕೀಪರ್ ಒಬ್ಬಳೇ ಹಾಕುತ್ತಿದ್ದಳು.

"ಆಮೆ ಹಾಕ್ಕೊಂಡು ಓಡು ಅಂತೀರಾ, ಮಾವ?"

"ಓಡು. ಅರ್ಧ ಗಂಟೆ. ಇದರಲ್ಲೂ ಜೋಮು ಹಿಡಿದ್ರೆ ನಾನು ಬೂಟು ಮಾರಲ್ಲ. ಇಲ್ಲಿಂದ ನೇರ ಡಾಕ್ಟರ ಹತ್ರ."

ಡಬ್ಬಗಳು ಮತ್ತೆ ಇಳಿದವು, ಮತ್ತೆ ಏರಿದವು. ಈ ಸಲ ಅಕ್ಕ ಬಣ್ಣ ಆರಿಸಲಿಲ್ಲ. ಒಮ್ಮೆ ಗಡಿಯಾರ, ಒಮ್ಮೆ ತಂಗಿಯ ಕಾಲು, ಇಷ್ಟೇ ನೋಡುತ್ತ ಕೂತಳು. ಹತ್ತು ನಿಮಿಷ. ಹದಿನೈದು. ಇಪ್ಪತ್ತಾದಾಗ ಬುಗುರಿ ಮೂರು ಡಬ್ಬ ಎದೆಗವಚಿಕೊಂಡು ನಡುದಾರಿಯಲ್ಲೇ ನಿಂತು, ಬಾಗಿಲು ಬಡಿಯುವವರಿಗಾಗಿ ಕಿವಿಗೊಟ್ಟ ಹಾಗೆ ಕಾಲಿಗೆ ಕಿವಿಗೊಟ್ಟಳು. ಯಾರೂ ಬರಲಿಲ್ಲ. ಇಪ್ಪತ್ತೈದಕ್ಕೂ ಜೋಮು ಬರಲಿಲ್ಲ. ಮೂವತ್ತಕ್ಕೆ ಮಾವ ಸಾಕು ಎಂದರೂ ಅವಳಿಗೆ ನಂಬಿಕೆ ಬರದೆ ಇನ್ನೂ ಹತ್ತು ನಿಮಿಷ ಡಬ್ಬ ಹೊತ್ತಳು. ಮಾವನ ಅಟ್ಟ ಅಷ್ಟು ಚೊಕ್ಕವಾಗಿದ್ದು ಅದೇ ಮೊದಲು.

"ಕಾಲುಚೀಲ, ಬ್ಯಾಗು ಬಾಣದ್ದೇ ತಗೋ ಬೇಕಾದ್ರೆ," ಎಂದರು ಮಾವ. "ಕಾಲುಚೀಲ ಹಿಗ್ಗುತ್ತೆ."

"ಬೇಡ ಮಾವ. ಎಲ್ಲಾ ಆಮೇದೇ ಕೊಡಿ."

ಅಕ್ಕ ಎದ್ದು ಬಂದಳು. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಯಲ್ಲೇ ಕತ್ತೆ ಎಂದು ತಲೆಗೊಂದು ಮೊಟಕಿದಳು. ಆಮೇಲೆ ನೆಲದ ಮೇಲೆ ಮಂಡಿಯೂರಿ ಕೂತು, ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು.

ಒಳಗಿನಿಂದ ಕಿರುಬೆರಳು ತಿರುಗಿ ಒತ್ತಿತು.